ತೂತು ಬಿದ್ದ ಸ್ಟ್ಯಾಂಪುಗಳ ಗಾಳೆಪ್ಪನವರು

ಕುಷ್ಟಗಿಯ ಅಂಚೆ ಕಚೇರಿಗೆ ನಾನು ವರ್ಗವಾಗಿ ಬಂದು ಇನ್ನೂ ವಾರ ಕಳೆದಿರಲಿಲ್ಲ. ಬೆಳಗಿನ ಟಪಾಲು ಚೀಲ ಬಿಚ್ಚಿ ವಿಂಗಡಿಸುತ್ತಿದ್ದೆವು. ಬಿಳಿ ಪೈಜಾಮ, ತುಂಬುತೋಳಿನ ಅಂಗಿ ತೊಟ್ಟ, ಅರವತ್ತು ದಾಟಿದ ಒಬ್ಬರು ಕೌಂಟರಿನ ಮುಂದೆ ಬಂದು ನಿಂತು, ಗಾಳೆಪ್ಪ ಅನ್ನುವ ಹೆಸರಿಗೆ ಏನಾದರೂ ಬಂದಿದೆಯೇ ಎಂದು ಕೇಳಿದರು. ಬಂದಿತ್ತು. ಪುಣೆಯಿಂದ ಒಂದು ರಿಜಿಸ್ಟರ್ಡ್ ಕವರು. ಪೋಸ್ಟ್‌ಮನ್ ಮನೆಗೇ ತಂದುಕೊಡುತ್ತಾನಲ್ಲ, ನೀವ್ಯಾಕೆ ಬಂದಿರಿ ಎಂದೆ. ಅವರು ಸಂಕೋಚದಿಂದಲೇ, ಹುಡುಗ ಒಳ್ಳೆಯವನು, ಆದರೆ ಕವರು ಮಡಚಿ ಚೀಲಕ್ಕೆ ತುರುಕುತ್ತಾನೆ, ಒಳಗಿನ ಮಾಲು ನೂರು ವರ್ಷದ್ದು, ಮಡಚಿದರೆ ಮುರಿಯುತ್ತದೆ ಎಂದು ವಿವರಿಸಿದರು.

ಒಳಗಿರುವುದು ಸ್ಟ್ಯಾಂಪು ಎಂದು ತಿಳಿದಾಗ ನನಗೆ ಖುಷಿಯಾಯಿತು. ನಮ್ಮ ಇಲಾಖೆಯ ಗಿರಾಕಿಯೇ ಸಿಕ್ಕರು ಅಂದುಕೊಂಡು, ಹೊಸದಾಗಿ ಬಂದಿದ್ದ ಬಣ್ಣಬಣ್ಣದ ಅಂಚೆಚೀಟಿಗಳ ಹಾಳೆಯನ್ನು ತೆಗೆದು ತೋರಿಸಿದೆ. ಅವರು ಗೌರವದಿಂದ ನೋಡಿ ಹಿಂದಕ್ಕೆ ಸರಿಸಿದರು.

"ಇವು ಊರೂರು ತಿರುಗಾಡೋ ಸ್ಟ್ಯಾಂಪ್ರಿ ಮೇಡಂ. ನಾ ಕೂಡಿಸೋದು ಕಾಗದದ ಮ್ಯಾಲ ಕುಂತು ಸಾಕ್ಷಿ ಹೇಳಿದ್ದು."

ಅವರು ಸಂಗ್ರಹಿಸುತ್ತಿದ್ದದ್ದು ರೆವೆನ್ಯೂ ಸ್ಟ್ಯಾಂಪು ಮತ್ತು ಕೋರ್ಟ್ ಫೀ ಸ್ಟ್ಯಾಂಪು. ರಸೀದಿಯ ಮೇಲೆ, ಸಂಬಳದ ಪಟ್ಟಿಯ ಮೇಲೆ, ಅರ್ಜಿ, ಕರಾರು, ದಾವೆಗಳ ಮೇಲೆ ಅಂಟಿಸುತ್ತಿದ್ದ ಚೀಟಿಗಳು. ಈಗ ಬಹುಪಾಲು ಕಂಪ್ಯೂಟರಿನಿಂದ ಇಳಿಯುವ ಇ-ಸ್ಟ್ಯಾಂಪು ಬಂದು ಆ ಅಂಟು, ಆ ಬಣ್ಣ ಎಲ್ಲ ಮಾಯವಾಗುತ್ತಿದೆ. ಗಾಳೆಪ್ಪನವರಿಗೆ ಆ ಮಾಯವಾದದ್ದೇ ಬೇಕು.

ಅವರು ಕೋರ್ಟಿನ ಜವಾನರಾಗಿದ್ದವರು. ಮೊದಲು ಕೆಲಸಕ್ಕೆ ಸೇರಿದ್ದು ಯಾವ ಊರಿನ ಕೋರ್ಟು ಎಂದು ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ. ಆಮೇಲೆ ಸುತ್ತಲಿನ ತಾಲೂಕುಗಳಲ್ಲೆಲ್ಲ ಕೆಲಸ ಮಾಡಿ, ಮೂವತ್ತೆಂಟು ವರ್ಷ ಸರ್ವೀಸು ಮುಗಿಸಿ ಕುಷ್ಟಗಿಯಲ್ಲಿ ಸಣ್ಣದೊಂದು ಮನೆ ಕಟ್ಟಿಕೊಂಡು ನಿಂತರು. ಅಪ್ಪ ಕೂಲಿ ಮಾಡಿ ಏಳನೆಯ ತರಗತಿಯವರೆಗೆ ಓದಿಸಿದ್ದ. ಮನೆತನದಲ್ಲಿ ಸರಕಾರದ ಸಂಬಳ ಎಣಿಸಿದ ಮೊದಲನೆಯವರು ಇವರೇ. ಮೊದಲ ಸಂಬಳದ ದಿನ ರೆವೆನ್ಯೂ ಸ್ಟ್ಯಾಂಪಿನ ಮೇಲೆ ಅಡ್ಡಲಾಗಿ ಮಾಡಿದ ಸಹಿ ಸ್ಟ್ಯಾಂಪು ದಾಟಿ ಪಕ್ಕದವನ ಹೆಸರಿನ ಮೇಲೂ ಹೋಗಿತ್ತಂತೆ.

ಅವರ ಕೆಲಸಗಳಲ್ಲಿ ಒಂದು, ಬಂದ ಅರ್ಜಿಯ ಮೇಲಿನ ಸ್ಟ್ಯಾಂಪಿಗೆ ತೂತು ಹಾಕುವುದು. ಒಮ್ಮೆ ಬಳಸಿದ ಸ್ಟ್ಯಾಂಪನ್ನು ಯಾರೂ ಬಿಡಿಸಿಕೊಂಡು ಮತ್ತೆ ಬಳಸಬಾರದೆಂದು ಈ ಏರ್ಪಾಡು. ಅದಕ್ಕೊಂದು ಕಬ್ಬಿಣದ ಪಂಚು. ನಡುವಿನ ಚಿತ್ರ ಹಾರಿಹೋಗಬೇಕು, ಬೆಲೆ ಬರೆದ ಭಾಗಕ್ಕೆ ಕಬ್ಬಿಣ ತಾಗಬಾರದು. ಹಾರಿದ ಚೂರುಗಳನ್ನು ಕೂಡಿಸಿಟ್ಟು ಸಂಜೆ ಕಚೇರಿಯ ಹಿಂದೆ ತಗಡಿನ ಮೇಲೆ ಹಾಕಿ ಸುಡಬೇಕು. ಕೆಂಪು, ನೀಲಿ, ಹಸಿರು ಚುಕ್ಕೆಗಳು ಅಕ್ಷತೆಯ ಹಾಗೆ ಕಾಣುತ್ತಿದ್ದವು, ಬೆಂಕಿ ತಾಗಿದ ಕೂಡಲೇ ಒಂದೊಂದೂ ಮುದುಡಿಕೊಂಡು ಮಗುಚುತ್ತಿತ್ತು ಎಂದು ಅವರು ಈಗಲೂ ಬೆರಳು ಮಡಚಿ ತೋರಿಸುತ್ತಾರೆ. ರೆಕಾರ್ಡು ಕೋಣೆಯ ವಾಸನೆಯ ಮಾತು ಬಂದರಂತೂ ಟೀ ಆರಿಹೋಗುತ್ತದೆ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಫೈಲಿನ ಬಸ್ತಾಗಳು, ಅರಗು, ಹುಳಿ ಬಂದ ಗೋಂದು, ಮೇಲಿನ ಹಲಗೆಯಲ್ಲಿ ನಿಜಾಮರ ಕಾಲದ ಉರ್ದು ಫೈಲುಗಳು. ಶಿರಸ್ತೇದಾರರು ಊಟಕ್ಕೆ ಹೋದಾಗ ಇವರು ಆ ಫೈಲುಗಳ ಧೂಳು ಹೊಡೆಯುವ ನೆಪದಲ್ಲಿ ಸ್ಟ್ಯಾಂಪುಗಳನ್ನು ನೋಡುತ್ತ ನಿಲ್ಲುತ್ತಿದ್ದರು. ಒಂದನ್ನೂ ಕಿತ್ತಿಟ್ಟುಕೊಂಡವರಲ್ಲ. ಸರಕಾರದ್ದು ಎಂಬ ಭಯ, ಅದಕ್ಕಿಂತ ಹೆಚ್ಚಾಗಿ ಭಕ್ತಿ.

ಕೊರೋನಾ ಬಂದು ಎಲ್ಲರೂ ಮನೆಯೊಳಗೆ ಕೂತ ವರ್ಷ, ಗಂಗಾವತಿಯಲ್ಲಿ ನರ್ಸ್ ಆಗಿರುವ ಮಗಳು ಸುಮಂಗಲಾ ತನ್ನ ಹಳೆಯ ಫೋನನ್ನು ಅಪ್ಪನಿಗೆ ಕಳಿಸಿದಳು. ದಿನಾ ಮುಖ ನೋಡಿ ಮಾತಾಡಲೆಂದು ಕೊಟ್ಟದ್ದು. ಗಾಳೆಪ್ಪನವರು ಒಂದು ದಿನ ಹಾಗೇ ಬೆರಳಾಡಿಸುತ್ತಿರುವಾಗ, ಹಳೆಯ ವಸ್ತು ಮಾರುವವರ ಗುಂಪೊಂದರಲ್ಲಿ ಹಸಿರು ಬಣ್ಣದ ಉರ್ದು ಸ್ಟ್ಯಾಂಪೊಂದರ ಫೋಟೊ ಕಂಡಿತು. ಮೇಲಿನ ಹಲಗೆಯ ಫೈಲುಗಳ ಮೇಲೆ ಇದ್ದದ್ದೇ ಅದು. ನಲವತ್ತು ವರ್ಷದ ಹಿಂದೆ ಕಂಡ ಪರಿಚಯದ ಮುಖ ಬಸ್‌ಸ್ಟ್ಯಾಂಡಿನಲ್ಲಿ ತಟ್ಟನೆ ಎದುರಾದ ಹಾಗಾಯಿತಂತೆ. ಅಂಚೆ ವೆಚ್ಚ ಸೇರಿ ತೊಂಬತ್ತು ರೂಪಾಯಿ. ತರಿಸಿದರು. ಕವರು ಬಂದಾಗ ಹೆಂಡತಿ ಪಕ್ಕೀರವ್ವ, ಇದನ್ನು ನೀರಿಗೆ ಹಾಕಿ ಕುದಿಸಿದರೆ ಎಷ್ಟು ಮಂದಿಗೆ ಸಾರಾದೀತು ಎಂದು ಕೇಳಿದ್ದು ಅವರ ಮನೆಯಲ್ಲಿ ಇಂದಿಗೂ ಆಡುವ ಮಾತು.

ಪಿಂಚಣಿಯಲ್ಲಿ ಬದುಕುವವರಿಗೆ ದುಬಾರಿ ಹವ್ಯಾಸ ಹಿಡಿಯದು. ಆದ್ದರಿಂದ ಅವರು ಸೋವಿಯಲ್ಲಿ ಹಿಡಿಯುವ ವಿದ್ಯೆ ಕಲಿತರು. ಮೊದಲ ಗುಟ್ಟು ಅವರಿಗೆ ಕೆಲಸದಿಂದಲೇ ಬಂದಿತ್ತು. ತೂತು ಬಿದ್ದ ಸ್ಟ್ಯಾಂಪನ್ನು ದೊಡ್ಡ ಸಂಗ್ರಹಕಾರರು ಮುಟ್ಟುವುದಿಲ್ಲ. 'ಹಾಳಾದದ್ದು' ಎಂದು ಬರೆದು ರಾಶಿ ಮಾಡಿ ಮಾರುತ್ತಾರೆ. ಇವರಿಗೆ ತೂತೇ ಪ್ರೀತಿ. ತೂತಿನ ಅಂಚು ನೋಡಿ ಪಂಚು ಮೊಂಡಾಗಿತ್ತೋ ಚೂಪಾಗಿತ್ತೋ, ಹೊಡೆದವನು ಎಡಗೈಯವನೋ ಬಲಗೈಯವನೋ ಎಂದು ಹೇಳುತ್ತಿದ್ದರು. ನಿಜವೋ ಸುಳ್ಳೋ ಪರೀಕ್ಷಿಸಲು ನನ್ನಿಂದಂತೂ ಆಗಲಿಲ್ಲ.

ಎರಡನೆಯ ಗುಟ್ಟು, ಮಾರುವವರ ಅಜ್ಞಾನ. ದೂರದ ಊರಿನವರು ಉರ್ದು ಅಕ್ಷರ ನೋಡಿ 'ಟರ್ಕಿ ದೇಶದ ಸ್ಟ್ಯಾಂಪು' ಎಂದೋ, 'ಅರಬ್ಬರದ್ದು' ಎಂದೋ ಹಾಕಿಬಿಡುತ್ತಾರೆ. ಹೈದರಾಬಾದ್ ಸಂಸ್ಥಾನದ್ದು ಹುಡುಕುವವರು ಅಲ್ಲಿಗೆ ಬರುವುದಿಲ್ಲ. ಗಾಳೆಪ್ಪನವರು ಬೆಳಗಿನ ಟೀ ಕುಡಿದು, ಕಟ್ಟೆಯ ಮೇಲೆ ಕೂತು, ಟರ್ಕಿಯಲ್ಲೂ ಅರಬಸ್ತಾನದಲ್ಲೂ ನಮ್ಮ ಕೊಪ್ಪಳ ರಾಯಚೂರು ಸೀಮೆಯ ಚೀಟಿಗಳನ್ನು ಹುಡುಕುತ್ತಿದ್ದರು. ಹತ್ತಾರು ಸ್ಟ್ಯಾಂಪು ಒಂದರ ಮೇಲೊಂದು ಹರಡಿದ ಫೋಟೊ ಇದ್ದರೆ ಮೇಲಿನದನ್ನು ನೋಡುವುದಿಲ್ಲ, ಕೆಳಗಿನಿಂದ ಇಣುಕುವ ಮೂಲೆಯನ್ನು ದೊಡ್ಡದು ಮಾಡಿ ನೋಡುತ್ತಾರೆ. ಒಮ್ಮೆ ಎಪ್ಪತ್ತು ರೂಪಾಯಿಯ ರಾಶಿಯಲ್ಲಿ, ಬೇರೆಡೆ ಸಾವಿರಕ್ಕೂ ಸಿಗದ ಒಂದು ಚೀಟಿಯನ್ನು ಹೀಗೆ ಬರೀ ಮೂಲೆಯಿಂದ ಗುರುತು ಹಿಡಿದಿದ್ದರು. ಮೋಸವೂ ಹೋಗಿದ್ದಾರೆ. ಬಣ್ಣದ ಜೆರಾಕ್ಸು ತುಂಡನ್ನು ಅಸಲಿಯೆಂದು ಕೊಂಡು, ಅದನ್ನೂ ಆಲ್ಬಮ್ಮಿನ ಕೊನೆಯ ಪುಟದಲ್ಲಿ ಅಂಟಿಸಿಟ್ಟಿದ್ದಾರೆ.

ಆದರೆ ಉರ್ದು ಓದಲು ಬರುತ್ತಿರಲಿಲ್ಲ. ಅದಕ್ಕೆ ಸಿಕ್ಕವರು ರಜಿಯಾಬೇಗಂ. ಗಂಗಾವತಿಯಲ್ಲಿ ಸುಮಂಗಲಾಳ ಪಕ್ಕದ ಮನೆಯವರು, ಉರ್ದು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಗಾಳೆಪ್ಪನವರು ಫೋಟೊ ಕಳಿಸುತ್ತಾರೆ, ಆಕೆ ಓದಿ ಧ್ವನಿಯಲ್ಲಿ ಉತ್ತರಿಸುತ್ತಾರೆ. ಇದು ಎರಡಾಣೆ, ಇದು ಫಸಲಿ ವರ್ಷ ಸಾವಿರದ ಮುನ್ನೂರ ನಲವತ್ತೆರಡು, ಅಂದರೆ ಈಗಿನ ಲೆಕ್ಕದಲ್ಲಿ ಸುಮಾರು ಸಾವಿರದೊಂಬೈನೂರ ಮೂವತ್ತೆರಡು, ಹೀಗೆ. ಮೊದಮೊದಲು ಉಪಕಾರಕ್ಕೆಂದು ಓದಿದವರು ಆಮೇಲೆ ತಾವೇ, ಎರಡು ದಿನದಿಂದ ಏನೂ ಬಂದಿಲ್ಲವಲ್ಲ ಎಂದು ಕೇಳತೊಡಗಿದರು. ಸ್ಟ್ಯಾಂಪಿನ ಜೊತೆ ಅಂಟಿಕೊಂಡು ಬಂದ ಕಾಗದದ ತುಂಡೊಂದರಲ್ಲಿ, ಎಡಗೊಂಬು ಮುರಿದ ಎಮ್ಮೆಯೊಂದನ್ನು ಯಾರೋ ಯಾರಿಗೋ ಮಾರಿದ ಸಂಗತಿ ಇತ್ತಂತೆ. ಅದನ್ನು ಓದಿದ ದಿನ ಆಕೆ ತಮ್ಮ ಅಪ್ಪನ ಕೈಬರಹ ನೆನಪಾಗಿ ಆ ಫೋಟೊವನ್ನು ಮತ್ತೆ ಮತ್ತೆ ತೆರೆದು ನೋಡಿದರೆಂದು ಸುಮಂಗಲಾ ಹೇಳಿದಳು.

ಹೀಗೆ ನಾಲ್ಕು ವರ್ಷ ನಡೆಯಿತು. ಎರಡು ಸಾವಿರದ ಇಪ್ಪತ್ನಾಲ್ಕರ ಬೇಸಿಗೆಯಲ್ಲಿ ಕೊಟ್ರೇಶ ಎಂಬ ಹಳೆಯ ಕಾಗದದ ವ್ಯಾಪಾರಿ ಆ ಗುಂಪಿನಲ್ಲಿ ಒಂದು ಫೋಟೊ ಹಾಕಿದ. ತೀರಿಕೊಂಡ ವಕೀಲರೊಬ್ಬರ ಮನೆ ಖಾಲಿ ಮಾಡಿದಾಗ ಸಿಕ್ಕ ಕಾಗದ, ಮೂರು ಕಿಲೊ, ಬಿಡಿ ಮಾರುವುದಿಲ್ಲ. ಗಂಟಿನ ಫೋಟೊದಲ್ಲಿ ಕಂದು ಬಣ್ಣದ ಅಂಚುಗಳ ಹೊರತು ಏನೂ ಕಾಣುತ್ತಿರಲಿಲ್ಲ. ಗಾಳೆಪ್ಪನವರು ಅದನ್ನು ಹಿಗ್ಗಿಸಿ ನೋಡಿದರು. ಅಡಿಯಲ್ಲಿ ಹಸಿರಿನ ಒಂದು ಗೆರೆ. ಆ ಹಸಿರು ಅವರಿಗೆ ಗೊತ್ತು. ಆರುನೂರು ರೂಪಾಯಿಗೆ ಮಾತು ಮುಗಿಯಿತು. ಬಸ್ಸಿನಲ್ಲಿ ಹಾಕುತ್ತೇನೆ ಎಂದ ಕೊಟ್ರೇಶನಿಗೆ, ಬೇಡ, ಅಂಚೆಯಲ್ಲೇ ಕಳಿಸು ಎಂದರು.

ಪಾರ್ಸಲು ನಮ್ಮ ಕಚೇರಿಗೆ ಬಂತು. ಮರುದಿನ ಅವರು ಮುಖ ಅರಳಿಸಿಕೊಂಡು ಬಂದು, ಗಂಟಿನಲ್ಲಿ ನಿಜಾಮರ ಕಾಲದ ಹನ್ನೊಂದು ಸ್ಟ್ಯಾಂಪು, ಒಂದಕ್ಕೂ ತೂತಿಲ್ಲ, ಕಾಗದಕ್ಕೆ ಅಂಟಿದ ಹಾಗೇ ಇವೆ ಎಂದು ಸುದ್ದಿ ಹೇಳಿದರು. ಫೋಟೊ ನೋಡಿದ ಪುಣೆಯ ಸಂಗ್ರಹಕಾರರೊಬ್ಬರು ಎಂಟು ಸಾವಿರಕ್ಕೆ ಕೇಳಿದರಂತೆ. ಗಾಳೆಪ್ಪನವರ ಬದುಕಿನಲ್ಲೇ ಅಷ್ಟು ದೊಡ್ಡ ಲಾಭದ ಸರಕು ಸಿಕ್ಕಿರಲಿಲ್ಲ. ಕೊಟ್ರೇಶನಿಗೂ ಫೋನು ಮಾಡಿ ಹೇಳಿಬಿಟ್ಟಿದ್ದರು. ಅವನು ನಕ್ಕು, ನಾನು ತೂಕಕ್ಕೆ ಮಾರಿದೆ, ನೀವು ಕಣ್ಣಿಗೆ ಕೊಂಡಿರಿ, ನನ್ನದೇನೂ ತಕರಾರಿಲ್ಲ ಎಂದಿದ್ದ.

ಆಮೇಲೆ ನಾಲ್ಕು ದಿನ ಅವರ ಸುಳಿವಿಲ್ಲ. ಐದನೆಯ ದಿನ ಮಧ್ಯಾಹ್ನ, ಕೌಂಟರಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಬಂದು ಕೂತರು. ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟ ಒಂದು ಕಾಗದ. ಮೇಲೆ ಹದಿನೈದು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು. ತೂತು ನಡುವೆ ಬಿದ್ದಿರಲಿಲ್ಲ, ಕೆಳಗೆ ಬೆಲೆ ಬರೆದಲ್ಲಿ ಬಿದ್ದಿತ್ತು. ಅಂಕಿಯೂ ಇಲ್ಲ, ಅಕ್ಷರವೂ ಇಲ್ಲ. ಪಕ್ಕದಲ್ಲಿ ಬರೆದ ಷರಾದಿಂದ ಅದು ಹದಿನೈದು ಎಂದು ತಿಳಿಯಬೇಕು.

"ಇದು ನನ್ನ ಕೈಲೆ ಬಿದ್ದದ್ರಿ ಮೇಡಂ. ಎಪ್ಪತ್ತೊಂಬತ್ತರಾಗ" ಎಂದರು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಆಗ ಕೆಲಸಕ್ಕೆ ಸೇರಿ ಹದಿನೆಂಟು ದಿನ. ಪಂಚು ಹಿಡಿಯುವ ಹದ ಇನ್ನೂ ಕೈಗೆ ಬಂದಿರಲಿಲ್ಲ. ಆ ದಿನ ವಕೀಲರ ಗುಮಾಸ್ತ ಒಂದು ದಾವೆ ತಂದುಕೊಟ್ಟ. ಗುಮಾಸ್ತನ ಹಿಂದೆ, ಸೊಂಟದ ಮೇಲೆ ಕೂಸು ಹೊತ್ತ ಹೆಣ್ಣುಮಗಳು. ಕನಕಮ್ಮ ಎಂದು ಹೆಸರು, ವಯಸ್ಸು ಇಪ್ಪತ್ತೈದರ ಒಳಗೆ. ಗಂಡ ತೀರಿಕೊಂಡ ಮೇಲೆ ಮೈದುನಂದಿರು ಹೊಲದಲ್ಲೂ ಮನೆಯಲ್ಲೂ ಪಾಲಿಲ್ಲ ಎಂದು ಹೊರಗೆ ಹಾಕಿದ್ದರು. ಪಾಲು ಕೇಳುವ ದಾವೆ ಅದು. ಗಾಳೆಪ್ಪನವರು ಪಂಚು ಒತ್ತಿದರು, ಕೈ ಜಾರಿತು. ಶಿರಸ್ತೇದಾರರು ಕಾಗದ ಎತ್ತಿ ನೋಡಿ, ಸ್ಟ್ಯಾಂಪಿನ ಬೆಲೆಯೇ ಕಾಣುತ್ತಿಲ್ಲ, ಮೊದಲೇ ಬಳಸಿ ಹಾಳಾದ ಸ್ಟ್ಯಾಂಪು ತಂದಿದ್ದಾರೆ, ಹೊಸದು ಹಚ್ಚಿ ತರಲಿ ಎಂದು ವಾಪಸ್ ಕೊಟ್ಟುಬಿಟ್ಟರು. ತೂತು ಹಾಕಿದ್ದು ನಾನು ಎನ್ನಲು ಗಾಳೆಪ್ಪನವರ ಬಾಯಿ ಬರಲಿಲ್ಲ. ಹಂಗಾಮಿ ನೌಕರಿ, ಒಂದು ಮಾತಿಗೆ ಹೋಗುವಂಥದ್ದು. ಆ ಹೆಣ್ಣುಮಗಳು ಗುಮಾಸ್ತನ ಮುಖ ನೋಡಿದಳು, ಶಿರಸ್ತೇದಾರರ ಮುಖ ನೋಡಿದಳು, ಕೊನೆಗೆ ಇವರ ಕಡೆ ನೋಡಿದಳು. ಇವರು ಪಂಚು ಒರೆಸುತ್ತ ತಲೆ ತಗ್ಗಿಸಿದರು. ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಹಾಕಿಕೊಂಡು ಹೊರಗೆ ಹೋದಳು. ಮರುದಿನ ಬೆಳಿಗ್ಗೆಯೇ ಇವರನ್ನು ಬೇರೆ ಊರಿನ ಕೋರ್ಟಿಗೆ ಕಳಿಸಿದರು. ಅವಳು ಮತ್ತೆ ಬಂದಳೋ, ದಾವೆ ಕೈಬಿಟ್ಟಳೋ ಎಂದಿಗೂ ತಿಳಿಯಲಿಲ್ಲ.

"ನಾ ಈ ತೂತಿನ ಸ್ಟ್ಯಾಂಪು ಯಾಕ ಕೂಡಿಸ್ತೀನಂತ ನೀವು ಎಲ್ಲಾರೂ ಕೇಳ್ತಿದ್ರಿ. ಸೋವಿ ಸಿಗ್ತಾವಂತ ಹೇಳ್ತಿದ್ದೆ. ಅದೂ ಖರೇನ. ಆದ್ರ ಪ್ರತಿಯೊಂದು ಬಂದಾಗ್ಲೂ ತೂತು ಎಲ್ಲಿ ಬಿದ್ದೈತಿ ಅಂತ ಮೊದಲು ನೋಡ್ತಿದ್ದೆ."

ಆ ಕಾಗದ ವಕೀಲರ ಕೈಗೆ ವಾಪಸ್ ಹೋಗಿ, ಅವರ ಕಡತದಲ್ಲಿ ಉಳಿದು, ಅವರು ತೀರಿದ ಮೇಲೆ ಕೊಟ್ರೇಶನ ಗಂಟಿನಲ್ಲಿ ಬಂದಿತ್ತು. ಅದರ ಹಿಂದೆಯೇ ಪಿನ್ ಚುಚ್ಚಿದ ಇನ್ನೂ ಎರಡು ಕಾಗದಗಳಿದ್ದವು. ಹೊಸ ಸ್ಟ್ಯಾಂಪು ಹಚ್ಚಿ ಮರುದಿನವೇ ಸಲ್ಲಿಸಿದ ದಾವೆಯ ಕಾರ್ಬನ್ ಪ್ರತಿ ಒಂದು. ನಾಲ್ಕು ವರ್ಷದ ನಂತರ ಆದ ತೀರ್ಪಿನ ನಕಲು ಇನ್ನೊಂದು. ಹೊಲದಲ್ಲಿ ಮೂರನೆಯ ಒಂದು ಪಾಲು, ಮನೆಯಲ್ಲಿ ಒಂದು ಖೋಲಿ ಕನಕಮ್ಮನಿಗೆ ಸೇರತಕ್ಕದ್ದು ಎಂದು ಅದರಲ್ಲಿ ಬರೆದಿತ್ತು.

ಹಾಗಾದರೆ ಒಳ್ಳೆಯದೇ ಆಯಿತಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು. ಆಯಿತು, ಆದರೆ ಆ ಎರಡನೆಯ ಸ್ಟ್ಯಾಂಪು ಅವಳು ಎಲ್ಲಿಂದ ತಂದಳು ಎನ್ನುವುದು ಕಾಗದದಲ್ಲಿ ಇಲ್ಲವಲ್ಲ ಎಂದರು. ಹೋಗಿ ಕೇಳಿಬರುವುದಕ್ಕೆ ಮನಸ್ಸಿತ್ತು, ಧೈರ್ಯವಿರಲಿಲ್ಲ. ಮನೆಯಲ್ಲಿ ಹೇಳಿದ್ದೀರಾ ಎಂದು ಕೇಳಿದೆ. ನಲವತ್ತೈದು ವರ್ಷದಲ್ಲಿ ಪಕ್ಕೀರವ್ವನಿಗೂ ಹೇಳಿರಲಿಲ್ಲ. ಮೊದಲು ಅವರಿಗೆ ಹೇಳಿ, ಆಮೇಲೆ ಉಳಿದದ್ದು ಎಂದೆ. ಅಷ್ಟೇ ನಾನು ಮಾಡಿದ ಉಪಕಾರ.

ಪಕ್ಕೀರವ್ವ ಪೂರ್ತಿ ಕೇಳಿಸಿಕೊಂಡು, ಬೈಯದೆ, ಯಾವಾಗ ಹೋಗೋಣ ಎಂದಷ್ಟೇ ಕೇಳಿದರಂತೆ.

ತೀರ್ಪಿನಲ್ಲಿ ಊರ ಹೆಸರಿತ್ತು. ಆ ಊರಿಗೆ ಹೋಗಿ ವಿಚಾರಿಸಿದಾಗ, ಕನಕಮ್ಮ ಈಗ ಗಿಣಿಗೇರಾದಲ್ಲಿ ಮಗಳ ಮನೆಯಲ್ಲಿದ್ದಾಳೆ, ಅಳಿಯ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸುತ್ತಾನೆ ಎಂದು ತಿಳಿಯಿತು. ಮುಂದಿನ ಭಾನುವಾರ ಗಂಡ ಹೆಂಡತಿ ಇಬ್ಬರೂ ಬೆಳಗಿನ ಬಸ್ಸಿಗೆ ಕೊಪ್ಪಳಕ್ಕೆ ಹೋಗಿ, ಅಲ್ಲಿಂದ ಗಿಣಿಗೇರಾ ತಲುಪಿದರು. ಅಲ್ಲಿ ನಡೆದದ್ದನ್ನು ನಾನು ಇಬ್ಬರ ಬಾಯಿಂದಲೂ ಕೇಳಿದ್ದೇನೆ. ಇಬ್ಬರ ಮಾತೂ ಹೊಂದುತ್ತದೆ, ಒಂದು ವ್ಯತ್ಯಾಸ ಬಿಟ್ಟು. ಬಾಗಿಲಲ್ಲಿ ನಿಂತಾಗ ತಾವು ಅಳಲಿಲ್ಲ ಎಂದು ಗಾಳೆಪ್ಪನವರು ಹೇಳುತ್ತಾರೆ.

ಬಾಗಿಲು ತೆರೆದವಳು ಕಳಕಮ್ಮ, ಅಂದು ಸೊಂಟದ ಮೇಲಿದ್ದ ಕೂಸು. ಈಗ ನಲವತ್ತೇಳರ ಹೆಂಗಸು. ಕನಕಮ್ಮ ಒಳಗೆ ಮಂಚದ ಮೇಲೆ ಕೂತು ಕಡಲೆ ಸೋಸುತ್ತಿದ್ದರು. ಎಪ್ಪತ್ತರ ಹತ್ತಿರ, ಆದರೆ ಗಟ್ಟಿ ಜೀವ. ಗಾಳೆಪ್ಪನವರು ತಮ್ಮ ಹೆಸರು, ಕೆಲಸ ಹೇಳಿ, ಕಾಗದ ತೆಗೆದು ಮುಂದಿಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಹೇಳುವಾಗ ಮುಖ ನೋಡಲಾಗದೆ ಮೊರದೊಳಗಿನ ಕಡಲೆಯನ್ನೇ ನೋಡುತ್ತಿದ್ದರಂತೆ.

ಕನಕಮ್ಮನಿಗೆ ಓದಲು ಬರುವುದಿಲ್ಲ. ಸ್ಟ್ಯಾಂಪಿನ ತೂತಿನ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಆ ದಿನದ ಕಥೆಯನ್ನು ಅವರ ಕಡೆಯಿಂದ ಹೇಳಿದರು. ಹೊಸ ಸ್ಟ್ಯಾಂಪು ಬೇಕು ಎಂದು ಗುಮಾಸ್ತ ಹೇಳಿದಾಗ ಕೈಯಲ್ಲಿ ಇದ್ದದ್ದು ಊರಿಗೆ ಹೋಗುವ ಬಸ್ಸಿನ ಚಾರ್ಜು ಮಾತ್ರ. ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಕೂತು ಅತ್ತರು. ಅಲ್ಲಿ ಬಳೆ ಮಾರುತ್ತಿದ್ದ ಲಾಲಬೀ ಎಂಬಾಕೆ ನೀರು ಕೊಟ್ಟು, ಸಂಗತಿ ಕೇಳಿ, ಮನೆಗೆ ಕರೆದುಕೊಂಡು ಹೋದಳು. ಆ ರಾತ್ರಿ ಅಲ್ಲೇ ಉಳಿದರು. ಬೆಳಿಗ್ಗೆ ಲಾಲಬೀಯೇ ಅಕ್ಕಸಾಲಿಗರ ಅಂಗಡಿಗೆ ಜೊತೆ ಬಂದಳು. ಕೂಸಿನ ಕಾಲಿನ ಬೆಳ್ಳಿ ಗೆಜ್ಜೆ ಬಿಚ್ಚಿಕೊಟ್ಟು, ಬಂದ ಹಣದಲ್ಲಿ ಸ್ಟ್ಯಾಂಪು ಕೊಂಡು ವಕೀಲರಿಗೆ ಮುಟ್ಟಿಸಿದರು.

ಗೆಜ್ಜೆಯ ಮಾತು ಕೇಳಿದ್ದೇ ಗಾಳೆಪ್ಪನವರು ಕೈ ಮುಗಿದರು. ಕನಕಮ್ಮ ಆ ಕೈಗಳನ್ನು ಹಿಡಿದು ಕೆಳಗಿಳಿಸಿದರು.

"ನೋಡ್ರಿ ಅಣ್ಣಾರ, ನಿಮ್ಮ ತೂತು ಸರಿ ಬಿದ್ದಿದ್ರ ನಾ ಅವತ್ತ ಸಂಜೀ ಬಸ್ಸಿಗೆ ಊರಿಗೆ ಹೋಗ್ತಿದ್ದೆ. ಲಾಲಬೀ ಸಿಗ್ತಿದ್ದಿಲ್ಲ. ನಾಲ್ಕು ವರ್ಷ ತಾರೀಖಿಗೆ ಬಂದಾಗೆಲ್ಲ ಆಕಿ ಮನ್ಯಾಗ ಉಂಡೀನಿ. ಈ ಹುಡುಗಿ ಆಕಿ ಮಕ್ಕಳ ಜೋಡಿ ಬೆಳದಾಳ. ಮೈದುನರು ಹೆದರಿಸಾಕ ಬಂದಾಗ ಆಕಿ ನನ್ನ ಮುಂದ ನಿಂತ್ಲು. ತವರುಮನಿ ನನಗ ಇರಲಿಲ್ಲ, ಆಕಿನ ತವರುಮನಿ ಆದ್ಲು."

ಲಾಲಬೀ ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಕನಕಮ್ಮ ಕೊನೆಯ ಎಂಟು ದಿನ ಅವರ ಹಾಸಿಗೆಯ ಪಕ್ಕದಲ್ಲೇ ಇದ್ದರಂತೆ. ಆ ಮಾತು ಬಂದಾಗ ಕಳಕಮ್ಮ ಎದ್ದು ಒಳಗೆ ಹೋದಳು. ಹೊರಗೆ ಕಾರ್ಖಾನೆಯ ಲಾರಿಗಳು ಹೋಗುವ ಸದ್ದು.

ಆಮೇಲೆ ಕನಕಮ್ಮ ಇನ್ನೊಂದು ಮಾತು ಹೇಳಿದರು. ಗಾಳೆಪ್ಪನವರು ಅದನ್ನು ನನ್ನಿಂದ ಮುಚ್ಚಿಡಲಿಲ್ಲ.

"ಆದ್ರ ಅವತ್ತ ನೀವು ಬಾಯಿ ಬಿಡಬೇಕಿತ್ತು. ಆಕಿ ಸಿಕ್ಲು ಅಂದಮ್ಯಾಗ ನೀವು ಮಾಡಿದ್ದು ಚಲೋ ಆಗಂಗಿಲ್ಲ. ಅದ ಬ್ಯಾರೆ, ಇದ ಬ್ಯಾರೆ."

"ಹೌದ್ರಿ" ಎಂದರು ಗಾಳೆಪ್ಪನವರು. ಆಕೆ ಹಾಗೆ ಅಂದ ಮೇಲೇ ಎದೆ ಹಗುರಾಯಿತು, ಬರೀ ಕ್ಷಮಿಸಿದ್ದರೆ ಆಗುತ್ತಿರಲಿಲ್ಲ ಎಂದು ನನಗೆ ಹೇಳಿದರು.

ಊಟ ಮಾಡದೆ ಬಿಡಲಿಲ್ಲ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಹೊರಡುವಾಗ ಕಾಗದಗಳ ಮಾತು ಬಂತು. ತೀರ್ಪಿನ ನಕಲನ್ನು ಕನಕಮ್ಮ ಇಟ್ಟುಕೊಂಡರು. ಅವರ ಹತ್ತಿರ ಇದ್ದದ್ದು ಮನೆಯ ಮಾಳಿಗೆ ಸೋರಿದಾಗ ಹಾಳಾಗಿತ್ತು. ತೂತು ಬಿದ್ದ ಕಾಗದ ಮಾತ್ರ ನಿಮ್ಮದೇ, ನಿಮ್ಮ ಹತ್ತಿರವೇ ಇರಲಿ ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಗಾಳೆಪ್ಪನವರು ಒಂದು ಯೋಚನೆ ಮಾಡಿದರು. ನಿಜಾಮರ ಕಾಲದ ಹನ್ನೊಂದು ಸ್ಟ್ಯಾಂಪುಗಳನ್ನು ಪುಣೆಯವರಿಗೆ ಕೊಟ್ಟು, ಆ ಹಣದಲ್ಲಿ, ಆ ಮನೆಯಲ್ಲಿ ಕಂಡ ಕಳಕಮ್ಮನ ಪುಟ್ಟ ಮೊಮ್ಮಗಳಿಗೆ ಬೆಳ್ಳಿ ಗೆಜ್ಜೆ ಮಾಡಿಸಬೇಕು. ಪಕ್ಕೀರವ್ವ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬೇಡವೆಂದರು.

"ಗೆಜ್ಜಿ ಕೊಟ್ಟು ಮುಗಿಸಾಕ ನೋಡಬ್ಯಾಡ್ರಿ. ಆಕಿ ನಮ್ಮನ್ನ ಉಣಿಸಿ ಕಳ್ಸ್ಯಾಳ. ಪಂಚಮಿಗೆ ಆಕಿನ್ನ ನಮ್ಮ ಮನಿಗೆ ಕರೀರಿ."

ಹಾಗೆಯೇ ಮಾಡಿದರು. ಕನಕಮ್ಮ ಪಂಚಮಿಗೆ ಎರಡು ದಿನ ಮೊದಲೇ ಬಂದು, ಪಕ್ಕೀರವ್ವನ ಜೊತೆ ಕೂತು ಉಂಡಿ ಕಟ್ಟಿದರು. ನನಗೂ ಕರೆ ಇತ್ತು. ನಾನು ಹೋದಾಗ ಗಾಳೆಪ್ಪನವರು ಜಗುಲಿಯ ಮೇಲೆ ಆಲ್ಬಮ್ಮುಗಳನ್ನು ಹರಡಿಕೊಂಡಿದ್ದರು. ಕನಕಮ್ಮ ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು ಒಂದೊಂದೇ ಪುಟ ತಿರುವಿ ನೋಡುತ್ತಿದ್ದರು. ಬಣ್ಣದ ಬಗ್ಗೆಯಾಗಲಿ ಬೆಲೆಯ ಬಗ್ಗೆಯಾಗಲಿ ಏನೂ ಕೇಳಲಿಲ್ಲ. ಪ್ರತಿ ಸ್ಟ್ಯಾಂಪಿನ ಮೇಲೂ ಬೆರಳಿಟ್ಟು, ಇದು ಯಾರ ಅರ್ಜಿ, ಇದು ಯಾರದು ಎಂದು ಕೇಳುತ್ತಿದ್ದರು. ಸ್ಟ್ಯಾಂಪುಗಳನ್ನು ಕಾಗದದಿಂದ ಕತ್ತರಿಸಿ ಮಾರುವುದೇ ರೂಢಿ. ಅರ್ಜಿದಾರನ ಹೆಸರು ಕತ್ತರಿಯ ಆಚೆ ಉಳಿದಿರುತ್ತದೆ.

"ಎಲ್ಲಾರ ಮನಿಗೂ ನಿಮಗ ಹೋಗಾಕ ಆಗಂಗಿಲ್ಲ ಖರೇ. ಸಿಕ್ಕೋರ ಹೆಸರಾದ್ರೂ ಬರ್ದಿಡ್ರಿ" ಎಂದರು ಕನಕಮ್ಮ.

ಅಂದಿನಿಂದ ಗಾಳೆಪ್ಪನವರು ಕೊಳ್ಳುವ ರೀತಿ ಬದಲಾಯಿಸಿದ್ದಾರೆ. ಬಿಡಿ ಸ್ಟ್ಯಾಂಪಿಗೆ ಎಷ್ಟೇ ಸೋವಿ ಇದ್ದರೂ ಕೈ ಹಾಕುವುದಿಲ್ಲ. ಇಡೀ ಕಾಗದವನ್ನೇ ಕೇಳುತ್ತಾರೆ, ಕತ್ತರಿ ಹಾಕಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿಬಿಡುತ್ತಾರೆ. ರದ್ದಿಗೆ ಹೋಗುವ ಕಾಗದ ಯಾರಿಗೆ ಬೇಕು ಎಂದು ಅವರು ಇನ್ನೂ ಕಡಿಮೆ ಬೆಲೆಗೆ ಕೊಡುತ್ತಾರೆ. ಗಂಗಾವತಿಯ ರಜಿಯಾಬೇಗಂ ಕನ್ನಡಕ ಬದಲಾಯಿಸಿಕೊಂಡು ಉರ್ದು ಅರ್ಜಿಗಳನ್ನು ಸಾಲು ಸಾಲಾಗಿ ಓದಿ ಹೇಳುತ್ತಾರೆ, ಗಾಳೆಪ್ಪನವರು ಬಾಲ್‌ಪೆನ್ನಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸುತ್ತಾರೆ. ಹೋದ ವಾರ ಅವರ ಮನೆಯಲ್ಲಿ ಹೊಸ ಪುಟ ನೋಡಿದೆ. ಒಂದಾಣೆಯ ಸ್ಟ್ಯಾಂಪಿನ ಕೆಳಗೆ, 'ಯಲಬುರ್ಗಾ ಕಡೆಯ ಹುಲಿಗೆವ್ವ. ಬಾವಿಯ ನೀರಿನ ಪಾಳಿಯ ತಕರಾರು. ಕೊನೆಗೆ ಏನಾಯಿತೋ ತಿಳಿಯದು' ಎಂದು ಬರೆದಿತ್ತು.